ಟಗರಿನ ಮದ್ದು ನನ್ನ ಕಿವಿಗೆ

ನೀವು ಇದನ್ನು ನಂಬುವುದಿಲ್ಲ. ನಂಬಲೂ ಬೇಡಿ. ದೇವಸಮುದ್ರದ ಸುತ್ತಮುತ್ತ ನನ್ನ ಮಾತು ನಂಬಿ ಮೂರು ಸಲ ಕೆಟ್ಟವರು ನಾಲ್ಕನೇ ಸಲವೂ ಬಂದು ಕಟ್ಟೆಯ ಮೇಲೆ ನನ್ನ ಪಕ್ಕದಲ್ಲೇ ಕೂರುತ್ತಾರೆ. ನೀವು ಅವರಿಗಿಂತ ಜಾಣರೇನೂ ಇರಲಿಕ್ಕಿಲ್ಲ. ಪಂದ್ಯ ಇಷ್ಟೇ: ನಾನಿಲ್ಲಿ ಹೇಳುವುದರಲ್ಲಿ ಒಂದೇ ಒಂದು ಸಂಗತಿ ನಾನು ಕಟ್ಟಿದ ಸುಳ್ಳು. ಯಾವುದು ಅಂತ ಕೊನೆಗೆ ನಾನೇ ಹೇಳುತ್ತೇನೆ. ಅಷ್ಟರೊಳಗೆ ಹಿಡಿಯುವ ತಾಕತ್ತಿದ್ದರೆ ಹಿಡಿಯಿರಿ.

ಮೀಸೆಯಿಂದ ಶುರು ಮಾಡುತ್ತೇನೆ. ನನಗೆ ಅರವತ್ತನಾಲ್ಕು, ನನ್ನ ಮೀಸೆಗೆ ಎಂಟು. ಹುಟ್ಟಿದಾಗ ಸೂಲಗಿತ್ತಿ ನನ್ನನ್ನು ನೋಡಿ ಹೆಣ್ಣು ಎಂದಳಂತೆ. ನೂರಾರು ಹೆರಿಗೆ ಮಾಡಿಸಿದ ಮುದುಕಿ, ಅದೊಂದು ತಪ್ಪು ಮಾಡಿದಳು. ಅಪ್ಪನಿಗೆ ಕುರಿ ಕಾಯಲು ಗಂಡುಮಕ್ಕಳಿರಲಿಲ್ಲ. ಹತ್ತು ವರ್ಷಕ್ಕೇ ನನಗೆ ಚಡ್ಡಿ ತೊಡಿಸಿ, ಹೆಗಲಿಗೆ ಕಂಬಳಿ ಹಾಕಿ, ಕೈಗೆ ಕೋಲು ಕೊಟ್ಟು ಹಿಂಡಿನ ಹಿಂದೆ ಅಟ್ಟಿದ. ನನಗೆ ಅದಕ್ಕಿಂತ ದೊಡ್ಡ ಹಬ್ಬ ಇನ್ನೊಂದಿರಲಿಲ್ಲ. ಆಮೇಲೆ ತಮ್ಮ ಹುಟ್ಟಿದ. ಅವನು ನಾಲ್ಕು ಹೆಜ್ಜೆ ಇಡುತ್ತಿದ್ದ ಹಾಗೆ ನನ್ನ ಚಡ್ಡಿ ಬಿಚ್ಚಿ ಸೀರೆ ಉಡಿಸಲು ಬಂದರು. ನಾನು ಆ ಸೀರೆಯನ್ನು ಕುರಿ ಕೂಡುವ ರೊಪ್ಪದಲ್ಲಿ, ಕುರಿಗಳ ನಡುವೆಯೇ ಸುಟ್ಟುಹಾಕಿದೆ. ಅಪ್ಪ ನನ್ನನ್ನು ರೊಪ್ಪದ ಗೂಟಕ್ಕೆ ಕಟ್ಟಿ, ಹಗ್ಗವನ್ನು ನೀರಲ್ಲಿ ನೆನೆಸಿ ನೆನೆಸಿ ಎರಡು ದಿನ ಹೊಡೆದ. ಬೆನ್ನಿನ ಚರ್ಮ ಅಂಗಿಗೆ ಅಂಟಿಕೊಂಡು ಬರುತ್ತಿತ್ತು. ಮೂರನೇ ದಿನ ಬೆಳಗ್ಗೆ ಅವ್ವ ಬಂದು ಹಗ್ಗ ಬಿಚ್ಚಿದಳು. ಒಗೆದ ಚಡ್ಡಿಯನ್ನು ನನ್ನ ಮುಖಕ್ಕೆ ಎಸೆದು, "ಹೋಗು, ಕುರಿ ಹಸ್ಕಂಡಾವೆ" ಅಂದಳು. ಅಷ್ಟೇ. ಅವತ್ತಿನಿಂದ ನಾನು ಸೀರೆ ಮುಟ್ಟಿಲ್ಲ.

ಮೀಸೆ ಬಂದದ್ದು ಐವತ್ತಾರರಲ್ಲಿ. ಉಣ್ಣೆ ಮಾರಲು ಚಳ್ಳಕೆರೆಗೆ ಹೋದಾಗೆಲ್ಲ ಬಸ್ ಸ್ಟ್ಯಾಂಡಿನ ಪಕ್ಕದ ಒಂದು ಟೀ ಅಂಗಡಿಗೆ ಹೋಗುತ್ತಿದ್ದೆ. ಅಂಗಡಿಯವಳನ್ನು ಮನೆಯವರು ಗಂಡೆಂದು ಬೆಳೆಸಿದ್ದರು, ಅವಳು ಹೆಣ್ಣಾಗಿ ಬದುಕುತ್ತಿದ್ದಳು. ನನ್ನನ್ನು ಕಂಡ ಮೊದಲ ದಿನವೇ ಗುರುತು ಹಿಡಿದು, ಟೀ ಕೊಡುತ್ತಾ, ಇದಕ್ಕೆಲ್ಲ ಈಗ ಇಂಜೆಕ್ಷನ್ ಐತೆ ಕಣಜ್ಜ ಅಂದಳು. ವಾರಕ್ಕೊಂದು ದಿನ ದಾವಣಗೆರೆಯಿಂದ ಬರುವ ಡಾಕ್ಟರಮ್ಮನ ಹತ್ತಿರ ಅವಳೇ ಕಳಿಸಿದಳು. ಹೋಗಿ ಕೂತೆ. ನನ್ನ ತಂಗಿಗೆ ಮೀಸೆ ಬರಿಸಬೇಕಾಗಿದೆ ಅಂದೆ. ಡಾಕ್ಟರಮ್ಮ ಬರೆಯುವುದು ನಿಲ್ಲಿಸಿ ತಲೆ ಎತ್ತಿ, ತಂಗಿ ಎಲ್ಲಿ ಎಂದು ಕೇಳಿದರು. ನಿಮ್ಮ ಮುಂದೇ ಕೂತವಳೆ, ಬೀಡಿ ವಾಸನೆ ಬರಲ್ವಾ ಅಂದೆ. ಅವರು ನಗಲಿಲ್ಲ. ಆದರೆ ಮುಂದಿನ ಒಂದು ಗಂಟೆ ನನ್ನ ಬಗ್ಗೆ ಯಾರೂ ಯಾವತ್ತೂ ಕೇಳದ ಪ್ರಶ್ನೆಗಳನ್ನೆಲ್ಲ ಕೇಳಿದರು, ಬರೆದುಕೊಂಡರು. ಹೊರಡುವಾಗ "ಹೋಗಿಬನ್ನಿ ಅಜ್ಜ" ಅಂದರು. ಆ ಒಂದು ಮಾತಿಗೆ ನಾನು ದಾವಣಗೆರೆವರೆಗೂ ಅವರ ಬ್ಯಾಗು ಹೊತ್ತುಕೊಂಡು ನಡೆಯಲೂ ಸಿದ್ಧನಿದ್ದೆ.

ಮೂರು ವಾರಕ್ಕೊಂದು ಸೂಜಿ, ಗಂಡಸಿನ ಹಾರ್ಮೋನು. ಮೊದಲು ಗಂಟಲು ಒಡೆಯಿತು. ನನ್ನ ಕೂಗಿಗೆ ಕುರಿಗಳೇ ಗಾಬರಿಯಾಗಿ ಚದುರಿದವು. ಆಮೇಲೆ ಮೀಸೆ. ಈ ವಯಸ್ಸಿನಲ್ಲಿ ಊರಿನ ಗಂಡಸರಿಗೆಲ್ಲ ತಲೆ ಬೋಳಾಗುತ್ತಿದ್ದರೆ ನನಗೊಬ್ಬನಿಗೇ ಹೊಸ ಪೈರು ಬರುತ್ತಿತ್ತು. ಊರು ಎರಡು ತಿಂಗಳು ನಕ್ಕಿತು, ಮೂರನೇ ತಿಂಗಳು ಸುಸ್ತಾಯಿತು. ಸುಸ್ತಾಗದವನು ಒಬ್ಬನೇ, ನನ್ನ ತಮ್ಮ.

ನಾವಿಬ್ಬರೂ ಒಂದೇ ರೊಪ್ಪದವರು, ಕುರಿಗಳೂ ಅರ್ಧರ್ಧ. ಬೇಕೆಂದೇ ಎಲ್ಲರೆದುರು ನನ್ನನ್ನು ಅಕ್ಕಾ ಎಂದು ಕೂಗುತ್ತಿದ್ದ. ಹೋದ ಬೇಸಿಗೆಯಲ್ಲಿ ಉಣ್ಣೆ ವ್ಯಾಪಾರಿಗಳ ಮುಂದೆ ಹಾಗೆ ಕೂಗಿದ. ಮಧ್ಯಾಹ್ನ ಅವನು ಉಂಡು ಜಾಲಿ ಮರದ ಕೆಳಗೆ ಬಾಯಿ ತೆರೆದು ಮಲಗಿದ್ದಾಗ, ಉಣ್ಣೆ ಕತ್ತರಿಸುವ ಕತ್ತರಿ ತಂದು ಅವನ ಮೀಸೆಯ ಎಡಗಡೆಯ ಅರ್ಧ ಕತ್ತರಿಸಿದೆ. ಅಷ್ಟು ನಯವಾಗಿ ಕತ್ತರಿಸಿದೆನೆಂದರೆ ಅವನಿಗೆ ಎಚ್ಚರವಾದದ್ದು ವ್ಯಾಪಾರಿಗಳ ನಗೆಗೆ.

ಅವನು ಎಸೆದ ಕಲ್ಲು ನನ್ನ ಭುಜಕ್ಕೆ ಬಿದ್ದು ಕೊರಳೆಲುಬು ಟಕ್ಕೆಂದು ಮುರಿದದ್ದು ನನಗೇ ಕೇಳಿಸಿತು. ಬಲಗೈ ಕೆಲಸ ಮಾಡಲಿಲ್ಲ. ಹಲ್ಲು ಮಾಡಿತು. ಅವನ ಮೇಲೆ ಬಿದ್ದು ಕಿವಿಗೆ ಬಾಯಿ ಹಾಕಿದೆ. ಬಿಡಿಸಲು ಮೂವರು ಬೇಕಾಯಿತು. ಬಾಯಲ್ಲಿ ಉಪ್ಪುಪ್ಪು ರಕ್ತ, ಹಲ್ಲಿನ ಸಂದಿಯಲ್ಲಿ ಒಂದು ಚೂರು ಮಾಂಸ. ನಮ್ಮ ಕುರಿಗಳ ಗುರುತಿಗೆ ಅವು ಮರಿಗಳಾಗಿದ್ದಾಗಲೇ ಎಡಗಿವಿಯ ಅಂಚಿನಲ್ಲಿ ಒಂದು ಕಚ್ಚು ಹಾಕುತ್ತೇವೆ. ತಮ್ಮನಿಗೂ ಹಾಕಿದೆ, ಇನ್ನು ತಪ್ಪಿಸಿಕೊಂಡು ಹೋದರೂ ಯಾರಾದರೂ ಹಿಡಿದುತಂದು ಬಿಡುತ್ತಾರೆ ಎಂದು ಉಗುಳುತ್ತಾ ಹೇಳಿದೆ. ಎಲ್ಲರೂ ನಕ್ಕರು. ಅವನು ಮಾತ್ರ ಕಿವಿಯನ್ನು ಅಂಗೈಯಲ್ಲಿ ಒತ್ತಿ ಹಿಡಿದು, ಬೆರಳ ಸಂದಿಯಿಂದ ರಕ್ತ ಮೊಣಕೈವರೆಗೆ ಇಳಿಯುತ್ತಿದ್ದರೂ, ಮೆತ್ತಗೆ ಹೇಳಿದ:

"ಸಾಯ್ತೀಯಲ್ಲ ಒಂದಿನ. ಅವತ್ತು ಆ ಮೀಸೆ ನಾನೇ ಬೋಳಿಸ್ತೀನಿ. ಸೀರೆ ಉಡ್ಸಿ, ಬಳೆ ತೊಡ್ಸಿ, ಅಕ್ಕಾ ಅಂತ ಅತ್ತು ಮಣ್ಣಾಗ್ ಇಡ್ತೀನಿ. ಯಾವನು ಬಂದು ತಡೀತಾನೋ ನೋಡಾನ."

ಬಾಯಿಮಾತು ಅಂದುಕೊಂಡಿದ್ದೆ. ಮುಂದಿನ ವಾರ ಮೊಳಕಾಲ್ಮೂರಿಗೆ ಹೋಗಿ, ಮಗ್ಗದವರ ಮನೆಯಿಂದಲೇ ಒಂದು ರೇಷ್ಮೆ ಸೀರೆ ತಂದ. ಕೆಂಪು ಅಂಚು, ಹಸಿರು ಒಡಲು. ನನ್ನ ಮುಂದೆಯೇ ಬಿಚ್ಚಿ ತೋರಿಸಿ, ಮಡಚಿ ಟ್ರಂಕಿಗೆ ಹಾಕಿ ಬೀಗ ಜಡಿದ. ಹೆಂಡತಿಗೆ ಕೂಡ ಅಂಥದ್ದೊಂದು ತಂದವನಲ್ಲ.

ನಾನು ನಗೆಚಾಟಿಕೆಯವನು, ಯಾವುದಕ್ಕೂ ಹೆದರುವವನಲ್ಲ. ಆದರೆ ಅವತ್ತಿನಿಂದ ದಿನಾ ಕನ್ನಡಿಯಲ್ಲಿ ಮೀಸೆ ನೋಡಿಕೊಳ್ಳುವುದಕ್ಕೆ ಶುರು ಮಾಡಿದೆ. ಇದು ಎಷ್ಟು ದಪ್ಪಗಿದ್ದರೆ ಬೋಳಿಸುವವನ ಕೈ ಅಷ್ಟು ನಡುಗುತ್ತದೆ ಎಂಬುದು ನನ್ನ ಲೆಕ್ಕ.

ಹೀಗಿರುವಾಗ ಡಾಕ್ಟರಮ್ಮ ಒಂದು ರಿಪೋರ್ಟು ಹಿಡಿದುಕೊಂಡು ಕೂತರು. ನನ್ನ ರಕ್ತ ಬಹಳ ಗಟ್ಟಿಯಾಗಿದೆ, ಬಿ.ಪಿ.ಯೂ ಏರಿದೆ, ಆ ಇಂಜೆಕ್ಷನ್ನಿನಿಂದ ಹೀಗಾಗುವುದುಂಟು, ಜೊತೆಗೆ ಬೀಡಿ ಬೇರೆ. ಇನ್ನು ಮೇಲೆ ಅರ್ಧ ಡೋಸು, ಬೀಡಿ ಪೂರ್ತಿ ಬಂದ್ ಅಂದರು. ಗಟ್ಟಿ ರಕ್ತ ಒಳ್ಳೇದಲ್ಲವಾ ಎಂದು ನಾನು ಕೇಳಿದೆ. ನೀರು ರಕ್ತದವರನ್ನೇ ಅಲ್ಲವಾ ಜನ ಹೇಡಿ ಅನ್ನುವುದು. ಅವರು ತಾಳ್ಮೆಯಿಂದ ನರ, ಹೃದಯ, ಮಿದುಳು ಎಂದು ಚಿತ್ರ ಬರೆದು ಹೇಳಿದರು. ನನ್ನ ಕಿವಿಗೆ ಬಿದ್ದದ್ದು ಅರ್ಧ ಎಂಬ ಒಂದೇ ಮಾತು. ಅರ್ಧ ಇಂಜೆಕ್ಷನ್ ಅಂದರೆ ಅರ್ಧ ಮೀಸೆ. ತಮ್ಮನ ಕೆಲಸವನ್ನು ಅರ್ಧ ಇವರೇ ಮಾಡಿಕೊಟ್ಟಂತಾಯಿತು. ಅರ್ಧಕ್ಕೆ ನಾನು ಒಪ್ಪುವುದಿಲ್ಲ, ಹೆಚ್ಚು ಮಾಡಿ ಅಂದೆ. ಆಗುವುದಿಲ್ಲ ಅಂದರು. ಮಾಡಲೇಬೇಕು ಅಂದೆ. ಈ ಕೋಣೆಯಲ್ಲಿ ಡಾಕ್ಟರ್ ಯಾರು ಎಂದು ಕೇಳಿದರು.

ಕೋಲು ಎತ್ತಿ ಮೇಜಿನ ಮೇಲೆ ಬಾರಿಸಿದೆ. ಮೇಲಿನ ಗಾಜು ಈ ಮೂಲೆಯಿಂದ ಆ ಮೂಲೆಗೆ ಬಿರಿಯಿತು. ಒಂದು ಚೂರು ಹಾರಿ ಅವರ ಬೆರಳಿಗೆ ಚುಚ್ಚಿತು. ಹೊರಗೆ ಕೂತ ಪೇಷಂಟುಗಳೆಲ್ಲ ಬಾಗಿಲಲ್ಲಿ ಇಣುಕಿದರು. ಡಾಕ್ಟರಮ್ಮ ಬೆರಳನ್ನು ಬಾಯಿಗಿಟ್ಟು ಚೀಪಿ, ಅದೇ ಕೈಯಲ್ಲಿ ಅರ್ಧ ಡೋಸು ಎಂದು ಬರೆದು, ಚೀಟಿ ಹರಿದು ಕೊಟ್ಟರು. ಚೀಟಿಯ ಮೇಲೆ ಅವರ ರಕ್ತದ ಒಂದು ಹನಿ ಇತ್ತು. ಅದು ನೋಡಿ, ನನ್ನ ರಕ್ತಕ್ಕಿಂತ ಇವರ ರಕ್ತವೇ ಗಟ್ಟಿ ಇದ್ದಂತಿದೆ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಮೋಸ ಮಾಡುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ಚಳ್ಳಕೆರೆಯಲ್ಲಿ ಅರ್ಧ ಚುಚ್ಚಿಸಿಕೊಂಡು, ಹಳೇ ಚೀಟಿ ತೋರಿಸಿ ಮೊಳಕಾಲ್ಮೂರಿನಲ್ಲಿ ಒಬ್ಬ ಕಂಪೌಂಡರನ ಹತ್ತಿರ ಪೂರ್ತಿ ಚುಚ್ಚಿಸಿಕೊಳ್ಳತೊಡಗಿದೆ. ಡಾಕ್ಟರಮ್ಮ ಊರಲ್ಲಿಲ್ಲ ಅಂತ ಅವನಿಗೆ ಸುಳ್ಳು. ಅವನು ತೆಲುಗಿನವನು, ನನ್ನನ್ನು ಕಂಡಕೂಡಲೇ "ಏಂ ತಾತಾ, ಮಳ್ಳೀ ವಚ್ಚಿನಾವಾ" ಎಂದು ಸೂಜಿ ತೆಗೆಯುತ್ತಿದ್ದ. ಮತ್ತೆ ಬಂದೆ ಕಣಪ್ಪಾ ಎಂದು ನಾನು ಪಂಚೆ ಸಡಿಲಿಸುತ್ತಿದ್ದೆ. ಆರು ತಿಂಗಳು ಹೀಗೆ ನಡೆಯಿತು.

ಮುಖ ಕೆಂಪಾಯಿತು. ಕಣ್ಣಿನ ಹಿಂದೆ ಯಾರೋ ಗೂಟ ಬಡಿಯುವಂಥ ತಲೆನೋವು. ಒಂದು ಸಲ ಮುದ್ದೆ ಮುರಿಯುತ್ತಿದ್ದಾಗ ಮೂಗಿನಿಂದ ರಕ್ತ ಸುರಿದು ಸಾರಿನ ತಟ್ಟೆ ಕೆಂಪಾಯಿತು. ಇನ್ನೊಂದು ದಿನ ನಮ್ಮ ದೊಡ್ಡ ಟಗರು ದಾರಿಗೆ ಅಡ್ಡ ನಿಂತಿತು ಅಂತ ಕೋಲಿನಿಂದ ಹೊಡೆದೆ. ಬಿಡದೆ ಹೊಡೆದೆ. ಕೊಂಬು ಬುಡದಲ್ಲಿ ಮುರಿದು ಜೋತುಬಿತ್ತು, ಬಿಳಿ ಎಲುಬು ಕಾಣಿಸಿತು, ಟಗರು ಮುಖವೆಲ್ಲ ರಕ್ತ ಮಾಡಿಕೊಂಡು ನನ್ನನ್ನೇ ನೋಡುತ್ತಾ ನಿಂತಿತು. ಐವತ್ತು ವರ್ಷ ಕುರಿ ಕಾದಿದ್ದೇನೆ, ಒಂದಕ್ಕೂ ಹಾಗೆ ಹೊಡೆದವನಲ್ಲ. ಇದು ಗಂಡಸಿನ ಇಂಜೆಕ್ಷನ್ನಿನ ಪೌರುಷ ಎಂದು ಕಟ್ಟೆಯಲ್ಲಿ ಜಂಬ ಕೊಚ್ಚಿದೆ. ಒಳಗೆ ಮಾತ್ರ ಏನೋ ತಪ್ಪಿದೆ ಅನ್ನಿಸುತ್ತಿತ್ತು.

ಆಗಲೇ ಡಾಕ್ಟರಮ್ಮನ ಕಡೆಯಿಂದ ಫೋನು ಬಂತು. ಮತ್ತೆ ರಕ್ತ ಪರೀಕ್ಷೆ ಮಾಡಿಸಬೇಕು, ಈ ಸಲವೂ ಗಟ್ಟಿ ಇದ್ದರೆ ಇಂಜೆಕ್ಷನ್ನೇ ನಿಲ್ಲಿಸುತ್ತಾರೆ.

ರಕ್ತ ತೆಳ್ಳಗೆ ಮಾಡುವುದು ಹೇಗೆ ಅಂತ ನನಗೆ ಯಾವ ಡಾಕ್ಟರೂ ಹೇಳಿಕೊಡಬೇಕಾಗಿಲ್ಲ. ಟಗರಿಗೆ ಕೆಲವು ಸಲ ರಕ್ತ ಏರುತ್ತದೆ. ಕಣ್ಣು ಕೆಂಪಾಗುತ್ತದೆ, ತಲೆ ಕೆಳಗೆ ಹಾಕಿ ಸುತ್ತು ಸುತ್ತುತ್ತದೆ, ಮೇವು ಮುಟ್ಟುವುದಿಲ್ಲ. ಆಗ ಒಬ್ಬನು ಅದರ ತಲೆಯನ್ನು ಎರಡು ಮೊಣಕಾಲ ನಡುವೆ ಇರುಕಿಸಿ ಹಿಡಿಯುತ್ತಾನೆ. ಇನ್ನೊಬ್ಬನು ಕಿವಿಯ ಹಿಂದಿನ ನರವನ್ನು ಚಾಕುವಿನ ಮೊನೆಯಿಂದ ಸೀಳುತ್ತಾನೆ. ಮೊದಲು ಕಪ್ಪು ರಕ್ತ, ಆಮೇಲೆ ಕೆಂಪು. ಕೆಂಪು ಬಂದ ಮೇಲೆ ಅರಿಶಿನ ಒತ್ತಿ ಬಿಡುತ್ತಾರೆ. ಟಗರು ತಲೆ ಕೊಡವಿ ಎದ್ದು ಮೇಯಲು ಹೋಗುತ್ತದೆ. ನಮ್ಮಪ್ಪ ಮಾಡುತ್ತಿದ್ದ, ನಾವೂ ಮಾಡುತ್ತೇವೆ. ಅದರ ರೋಗವೂ ನನ್ನ ರೋಗವೂ ಒಂದೇ, ಕೆಂಪು ಕಣ್ಣು ಸಾಕ್ಷಿ.

ಪರೀಕ್ಷೆಯ ದಿನ ಬೆಳಕು ಹರಿಯುತ್ತಲೇ ರೊಪ್ಪಕ್ಕೆ ಹೋದೆ. ಒಬ್ಬನೇ. ಗೂಟಕ್ಕೆ ಒಡೆದ ಕನ್ನಡಿ ಸಿಕ್ಕಿಸಿದೆ, ಎಡಗೈಯಲ್ಲಿ ಕಿವಿ ಎಳೆದು ಹಿಡಿದೆ, ಬಲಗೈಯಲ್ಲಿ ಚಾಕು. ಮೂರು ತಾಲ್ಲೂಕಿನಲ್ಲಿ ಈ ಕೆಲಸ ಒಬ್ಬನೇ ಮಾಡಿದ ಗಂಡು ನಾನೊಬ್ಬನೇ. ಮೊದಲ ಸಲ ತೊಗಲಷ್ಟೇ ಹರಿಯಿತು. ಎರಡನೇ ಸಲ ಆಳಕ್ಕೆ ಹೋಯಿತು. ಬಿಸಿ ರಕ್ತ ಕೊರಳಿಗೆ ಇಳಿದು, ಅಂಗಿಯ ಒಳಗೆ ಹರಿದು, ಹೊಟ್ಟೆ ಒದ್ದೆಯಾಗಿ, ಪಂಚೆಯ ಗಂಟಿನ ಹತ್ತಿರ ನಿಂತಿತು. ಕಪ್ಪು ಹೋಗಿ ಕೆಂಪು ಬರಲಿ ಎಂದು ಕಾದೆ. ಕೆಂಪು ಬಂತು, ಆದರೆ ನಿಲ್ಲಲಿಲ್ಲ. ಕುರಿಗಳು ವಾಸನೆ ಹಿಡಿದು ಗೋಡೆಗೆ ಒತ್ತಿಕೊಂಡು ನಿಂತವು. ಕಾಲ ಕೆಳಗಿನ ಹಿಕ್ಕೆಯೆಲ್ಲ ಕೆಸರಾಯಿತು. ಕಣ್ಣಿಗೆ ಕತ್ತಲೆ ಬಂದು ಮಂಡಿಯೂರಿದೆ. ಕೊನೆಗೆ ಮುಷ್ಟಿ ಅರಿಶಿನ ಒತ್ತಿ, ಟವೆಲು ಬಿಗಿದು ಕಟ್ಟಿ, ಮೇಲೆ ರುಮಾಲು ಸುತ್ತಿ, ಒಂದು ಚೊಂಬು ಮಜ್ಜಿಗೆ ಕುಡಿದು ಬಸ್ಸು ಹತ್ತಿದೆ.

ಬಸ್ಸಿನಲ್ಲಿ ರುಮಾಲು ದಾಟಿ ಹನಿ ಬೀಳತೊಡಗಿತು. ಪಕ್ಕದಲ್ಲಿ ಕೂತಿದ್ದ ಕೊಂಡ್ಲಹಳ್ಳಿಯ ಹೆಂಗಸು ತನ್ನ ಚೀಲವನ್ನು ಎಳೆದುಕೊಂಡು, ಏನಾಯ್ತಜ್ಜ ಎಂದು ಕೇಳಿದಳು. ಬ್ರಹ್ಮಗಿರಿ ಗುಡ್ಡದಲ್ಲಿ ಕರಡಿ ಹಿಡಿಯಿತು ಅಂದೆ. ಇಡೀ ಬಸ್ಸು ತಿರುಗಿತು. ಆಮೇಲೆ ನನ್ನನ್ನು ತಡೆಯುವವರು ಯಾರು. ಕರಡಿಯ ಬಾಯಿಗೆ ಕೋಲು ತುರುಕಿದ್ದು, ಅದರ ಕಣ್ಣಿಗೆ ಬೆರಳು ಹಾಕಿದ್ದು, ಇಬ್ಬರೂ ಉರುಳಿಕೊಂಡು ಬಂಡೆಯಿಂದ ಬಿದ್ದದ್ದು, ಎಲ್ಲ ಹೇಳಿದೆ. ತಳಕು ಬರುವಷ್ಟರಲ್ಲಿ ಕರಡಿ ಸತ್ತಿತ್ತು. ಕಂಡಕ್ಟರು ಟಿಕೆಟ್ ಕೊಡುವುದನ್ನು ಬಿಟ್ಟು ಕೇಳುತ್ತಿದ್ದ. ಆ ಹೆಂಗಸು ಮಾತ್ರ ನನ್ನ ಮೀಸೆಯನ್ನೂ ಕೈಯನ್ನೂ ನೋಡಿ, "ಕರಡಿ ಉಗುರಿಲ್ಲದ್ದು ಇರ್ಬೇಕು ಬಿಡಜ್ಜ, ಮೈಮ್ಯಾಲೆ ಒಂದ್ ಗೀರೂ ಇಲ್ಲ" ಅಂದಳು. ಇಳಿಯುವಾಗ ನಡೆಯಲಾರದೆ ಕಂಬಿ ಹಿಡಿದು ನಿಂತೆ. ಅವಳೇ ಇಳಿಸಿದಳು.

ಲ್ಯಾಬಿನವರು ತೋಳಿನಿಂದ ರಕ್ತ ತೆಗೆದುಕೊಂಡರು. ಕ್ಲಿನಿಕ್ಕಿನ ಬೆಂಚಿನ ಮೇಲೆ ಎರಡು ಗಂಟೆ ಕೂತಿದ್ದೆ. ಒಳಗೆ ಕರೆದಾಗ ಮೊದಲು ಕಣ್ಣಿಗೆ ಬಿದ್ದದ್ದು ಮೇಜಿನ ಗಾಜು. ಬದಲಾಯಿಸಿರಲಿಲ್ಲ, ಬಿರುಕಿನ ಉದ್ದಕ್ಕೂ ಗಾಯಕ್ಕೆ ಹಚ್ಚುವ ಬಿಳಿ ಪಟ್ಟಿ ಅಂಟಿಸಿದ್ದರು.

ಡಾಕ್ಟರಮ್ಮ ರಿಪೋರ್ಟು ನೋಡಲಿಲ್ಲ. ನನ್ನನ್ನು ನೋಡಿದರು. ಎದ್ದು ಬಂದು ರುಮಾಲು ಬಿಚ್ಚಿದರು. ಟವೆಲಿನ ಗಂಟಿನ ಮೇಲೆ ಅವರ ಬೆರಳು ಸ್ವಲ್ಪ ಹೊತ್ತು ನಿಂತಿತು.

"ಯಾರು ಕಟ್ಟಿದ್ದು ಇದನ್ನ? ಸರಿಯಾದ ಜಾಗದಲ್ಲಿ ಒತ್ತು ಬಿದ್ದಿದೆ."

ನಾನೇ ಅಂದೆ. ತಲೆಯ ಹಿಂದಿನ ಗಂಟು ಕಣ್ಣಿಗೆ ಕಾಣದೆ ಹೀಗೆ ಕಟ್ಟಲು ಬರುತ್ತದಾ ಎಂದು ಕೇಳಿದರು. ನನಗೆ ಎಲ್ಲ ಬರುತ್ತದೆ ಅಂದೆ. ಟವೆಲು ತೆಗೆದಾಗ ಒಣಗಿದ ರಕ್ತದ ಜೊತೆ ತೊಗಲೂ ಕಿತ್ತು ಬಂದು ಮತ್ತೆ ಹರಿಯಿತು. ನರ್ಸು ಬಾಯಿಗೆ ಕೈ ಅಡ್ಡ ಹಿಡಿದಳು. ಡಾಕ್ಟರಮ್ಮ ತಾವೇ ಹೊಲಿಗೆ ಹಾಕಿದರು, ಐದು. ಒಂದೊಂದು ಹೊಲಿಗೆಗೂ ಒಂದೊಂದು ಪ್ರಶ್ನೆ ಕೇಳಿದರು. ಹೊಲಿಯುವ ಸೂಜಿ ಕಿವಿಯಲ್ಲಿರುವಾಗ ಸುಳ್ಳು ಹೇಳುವುದು ನನಗೂ ಕಷ್ಟ. ಟಗರಿನ ಮದ್ದೂ ಹೊರಗೆ ಬಂತು, ಮೊಳಕಾಲ್ಮೂರಿನ ಕಂಪೌಂಡರನೂ ಹೊರಗೆ ಬಂದ.

ಆಮೇಲೆ ರಿಪೋರ್ಟು ತೆಗೆದು ನನ್ನ ಮುಂದೆ ಹಾಕಿದರು. ರಕ್ತ ಹಿಂದಿಗಿಂತಲೂ ಗಟ್ಟಿ.

ಅದು ಹೇಗಾಗುತ್ತದೆ, ಅರ್ಧ ಕೊಡ ರಕ್ತ ರೊಪ್ಪದಲ್ಲಿ ಚೆಲ್ಲಿ ಬಂದಿದ್ದೇನೆ, ನಿಮ್ಮ ಮಿಷನ್ನೇ ಕೆಟ್ಟಿದೆ ಎಂದು ಜಗಳಕ್ಕೆ ನಿಂತೆ. ಅವರು ಕೇಳಿದರು, ಗಟ್ಟಿ ಅಂಬಲಿಯ ಮಡಕೆಯಿಂದ ಎರಡು ಲೋಟ ಚೆಲ್ಲಿದರೆ ಉಳಿದದ್ದು ತೆಳ್ಳಗಾಗುತ್ತದಾ? ರಕ್ತ ತೆಗೆಯಬೇಕಾದರೆ ನಾವೇ ಸೂಜಿಯಲ್ಲಿ ತೆಗೆಯುತ್ತೇವೆ, ಅಳತೆಯಲ್ಲಿ, ಮಲಗಿಸಿ, ಅದು ತೆಳ್ಳಗಾಗಲು ದಿನ ಬೇಕು ಅಂದರು. ನೋಡಿ, ನಮ್ಮಪ್ಪ ಮಾಡುತ್ತಿದ್ದದ್ದೇ ಎಂದು ನಾನು ಕುರ್ಚಿಯಿಂದ ಅರ್ಧ ಎದ್ದೆ. ನಿಮ್ಮಪ್ಪ ಟಗರಿಗೆ ಹಾರ್ಮೋನು ಚುಚ್ಚುತ್ತಿರಲಿಲ್ಲ, ಕೂತುಕೊಳ್ಳಿ ಅಂದರು. ಕೊಂಬು ಮುರಿದ ಕಥೆಯನ್ನೂ ಇಂಜೆಕ್ಷನ್ನಿನ ಮೇಲೆ ಹಾಕಲು ನೋಡಿದೆ. ಆ ಕೋಲು ಹಿಡಿದದ್ದು ಇಂಜೆಕ್ಷನ್ನಲ್ಲ, ನೀವು ಅಂದರು. ಮೂರು ತಿಂಗಳು ಸೂಜಿಯೇ ಇಲ್ಲ, ರಕ್ತ ಇಳಿದ ಮೇಲೆ ಅರ್ಧ ಡೋಸು, ಕಂಪೌಂಡರನಿಗೆ ಈಗಲೇ ಫೋನು ಮಾಡುತ್ತೇನೆ ಅಂದರು.

ಮೂರು ತಿಂಗಳು ಎಂದದ್ದೇ ಕೋಲಿಗೆ ಕೈ ಹಾಕಿದೆ. ಎತ್ತಲು ಬಲವಿರಲಿಲ್ಲ. ಹಾಗಾಗಿ, ಯಾರಿಗೂ ಹೇಳದ್ದನ್ನು ಹೇಳಿಬಿಟ್ಟೆ. ಟ್ರಂಕಿನಲ್ಲಿರುವ ಸೀರೆಯನ್ನು, ಕೆಂಪು ಅಂಚನ್ನು, ತಮ್ಮನ ಮಾತನ್ನು. ನನಗೆ ಸಾವಿನ ಹೆದರಿಕೆಯಿಲ್ಲ ಡಾಕ್ಟರಮ್ಮ, ಗಂಡಸಾಗಿ ಸತ್ತರೆ ಸಾಕು, ಆ ಔಷಧಿ ಹೆಚ್ಚು ಹಾಕಿ ಸಾಯಿಸಿದರೂ ಸರಿ ಅಂದೆ.

ಅವರು ಆ ಬಿರುಕಿನ ಪಟ್ಟಿಯ ಮೇಲೆ ಬೆರಳಾಡಿಸಿದರು. ಆಮೇಲೆ ಮೊದಲ ಸಲ ನನ್ನನ್ನು ನೀನು ಅಂದರು.

"ಸತ್ತ ಮೇಲೆ ಉಡಿಸಿದ್ರೆ ನಿನಗೆ ಗೊತ್ತಾಗಲ್ಲ ಅಜ್ಜ. ಈ ರಕ್ತ ಮಿದುಳಲ್ಲಿ ಹೆಪ್ಪುಗಟ್ಟಿದ್ರೆ ನೀನು ಸಾಯಲ್ಲ, ಮಲಗ್ತೀಯ. ಒಂದು ಕೈ ಒಂದು ಕಾಲು ಬಿದ್ದುಹೋಗುತ್ತೆ, ಬಾಯಿ ಸೊಟ್ಟ ಆಗುತ್ತೆ. ಆಗ ಅವನು ಬದುಕಿರೋ ನಿನಗೇ ಉಡಿಸ್ತಾನೆ. ದಿನಾ. ನೀನು ನೋಡ್ತಾ ಮಲಗಿರ್ತೀಯ, ಬೇಡ ಅನ್ನೋಕೂ ಬಾಯಿರಲ್ಲ."

ಅಪ್ಪನ ಹಗ್ಗ ತಿಂದಿದ್ದೇನೆ, ತಮ್ಮನ ಕಲ್ಲು ತಿಂದಿದ್ದೇನೆ. ಅಷ್ಟು ಜೋರಾಗಿ ನನಗೆ ಯಾರೂ ಹೊಡೆದಿಲ್ಲ. ಕೈ ಬಿದ್ದು ಮಲಗಿರುವ ನನ್ನ ಮೇಲೆ ಹಸಿರು ಸೀರೆ ಬರುತ್ತಿರುವುದು ಕಣ್ಣಿಗೆ ಕಟ್ಟಿತು. ಹೊಟ್ಟೆಯ ಮಜ್ಜಿಗೆಯೆಲ್ಲ ಅವರ ನೆಲದ ಮೇಲೆ ಬಂತು.

ನರ್ಸು ಒರೆಸುತ್ತಿರುವಾಗ ಡಾಕ್ಟರಮ್ಮ ಬೇರೆ ದನಿಯಲ್ಲಿ ಹೇಳಿದರು. ಒಡೆದ ದನಿ ವಾಪಸು ಹೆಣ್ಣು ದನಿ ಆಗುವುದಿಲ್ಲ. ಬಂದ ಮೀಸೆ ಮೂರು ತಿಂಗಳಿಗೆ ಉದುರುವುದಿಲ್ಲ, ತೆಳ್ಳಗಾದರೂ ಮೀಸೆ ಮೀಸೆಯೇ. ಇದನ್ನು ಮೊದಲೇ ಹೇಳಬಾರದಿತ್ತಾ ಎಂದು ಕೇಳಿದೆ. ಮೊದಲೇ ಹೇಳಿದ್ದೆ, ನೀವು ಗಾಜು ಒಡೆಯುವುದರಲ್ಲಿದ್ದಿರಿ ಅಂದರು. ಮತ್ತೆ ನೀವು.

ಜೇಬಿನಿಂದ ಮೊಳಕಾಲ್ಮೂರಿನ ಇನ್ನೂ ಒಡೆಯದ ಇಂಜೆಕ್ಷನ್ ಬಾಟಲಿ ತೆಗೆದು ಪಟ್ಟಿಯ ಪಕ್ಕದಲ್ಲಿಟ್ಟೆ. ಬೀಡಿ ಕಟ್ಟನ್ನೂ ಇಟ್ಟೆ, ಒಂದನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು. ಆ ಕಿವಿಯಲ್ಲಿ ಹೊಲಿಗೆ ಇರುವುದು ಮರೆತಿದ್ದೆ. ನನ್ನ ಕಿರುಚಾಟ ಬಸ್ ಸ್ಟ್ಯಾಂಡಿಗೆ ಕೇಳಿಸಿತಂತೆ, ಟೀ ಅಂಗಡಿಯವಳು ಹೇಳಿದಳು.

ಈಗ ಎರಡು ಸಲ ಸೂಜಿಯಲ್ಲಿ ರಕ್ತ ತೆಗೆದಿದ್ದಾರೆ, ಮಲಗಿಸಿ, ಅಳತೆಯಲ್ಲಿ. ಗೂಟ ಬಡಿಯುವ ತಲೆನೋವು ಹೋಗಿದೆ. ಅರ್ಧ ಡೋಸು ಶುರುವಾಗಿದೆ. ಮೀಸೆ ಇದೆ, ಬಂದು ಎಳೆದು ನೋಡಿ. ಒಂಟಿ ಕೊಂಬಿನ ಟಗರು ನನ್ನ ಕೈಯಿಂದ ಮೇವು ತಿನ್ನುವುದಿಲ್ಲ. ಅದಕ್ಕೆ ನಾನೇನೂ ಹಾಸ್ಯ ಮಾಡಲು ಹೋಗಿಲ್ಲ.

ಸರಿ, ಪಂದ್ಯ. ಕರಡಿ ಅಂತೀರಿ. ಕರಡಿ ಬಸ್ಸಿನವರಿಗೆ ಹೇಳಿದ ಸುಳ್ಳು, ನಿಮಗೆ ಹೇಳಿದ್ದಲ್ಲ. ಹೊಲಿಗೆ ಐದು ಅಲ್ಲ ಅಂತೀರಿ. ಬಂದು ಎಣಿಸಿ.

ಒಬ್ಬನೇ ಅಂದೆನಲ್ಲ, ರೊಪ್ಪದಲ್ಲಿ, ಅದು ಸುಳ್ಳು. ಕಿವಿ ಕೊಯ್ಯುವುದು ಒಬ್ಬನಿಂದಾಗುವ ಕೆಲಸವಲ್ಲ, ತಲೆ ಹಿಡಿಯುವವನು ಬೇಕು. ಒಬ್ಬನೇ ಕೊಯ್ದದ್ದು ಮೊದಲನೇ ಸಲ ಮಾತ್ರ, ತೊಗಲು ಹರಿದದ್ದು. ಚಾಕು ಕೈಯಿಂದ ಜಾರಿತು. ಹಾಲು ಕರೆಯಲು ಬಂದಿದ್ದ ತಮ್ಮ ಬಾಗಿಲಲ್ಲಿ ನಿಂತಿದ್ದ. ಏನೆಂದು ಕೇಳಿದ. ರಕ್ತ ಏರಿದೆ, ಇಳಿಸದಿದ್ದರೆ ಡಾಕ್ಟರು ಇಂಜೆಕ್ಷನ್ ನಿಲ್ಲಿಸುತ್ತಾರೆ ಅಂದೆ. ಅವನು ನಗುತ್ತಾನೆ ಎಂದು ಕಾದೆ. ಅವನು ಚೊಂಬು ಕೆಳಗಿಟ್ಟು, ಚಾಕು ಎತ್ತಿಕೊಂಡು, ನನ್ನ ತಲೆಯನ್ನು ತನ್ನ ಮೊಣಕಾಲ ನಡುವೆ ಇರುಕಿಸಿಕೊಂಡ. ಕೊರಳು ಅವನ ಕೈಯಲ್ಲಿತ್ತು, ಚಾಕು ಅವನ ಕೈಯಲ್ಲಿತ್ತು, ಮೀಸೆ ಅವನ ಮೊಣಕಾಲಿಗೆ ಉಜ್ಜುತ್ತಿತ್ತು. ಮೇಲೆ ನೋಡಿದರೆ ನಾನು ಕಚ್ಚಿದ ಅವನ ಕಿವಿ ಕಾಣುತ್ತಿತ್ತು. ಅಕ್ಕಾ ಅನ್ನಲಿಲ್ಲ, ಅಣ್ಣಾ ಅನ್ನಲೂ ಇಲ್ಲ. "ಅಲ್ಲಾಡ್‌ಬ್ಯಾಡ" ಅಂದ, ಅಷ್ಟೇ. ರಕ್ತ ನಿಲ್ಲದಿದ್ದಾಗ ಅವನ ಕೈ ನಡುಗಿತು. ಗಂಟು ಕಟ್ಟಿದ್ದೂ ಅವನೇ.

ಸೀರೆ ಇನ್ನೂ ಟ್ರಂಕಿನಲ್ಲೇ ಇದೆಯೋ ಇಲ್ಲವೋ ನಾನು ಕೇಳಿಲ್ಲ.